ರಸ್ತೆಬದಿಯ ಹಳೇ ಪುಸ್ತಕ: ಕಣ್ಣು ಪಳಗಿದಷ್ಟೂ ಸುಖ

ಹಳೇ ಪುಸ್ತಕ ಹುಡುಕುವ ಹವ್ಯಾಸಕ್ಕೆ ಜನ ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ. ಅಗ್ಗಕ್ಕೆ ಸಿಗುತ್ತದೆ ಎಂಬುದು ಒಂದು, ಅದೃಷ್ಟವಿದ್ದರೆ ಅಪರೂಪದ್ದು ಕೈಗೆ ಬೀಳುತ್ತದೆ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯ. ಹೋಗಿಬರುವ ಆಟೋ ಬಾಡಿಗೆ, ಕಳೆದ ಅರ್ಧ ದಿನ, ಆಮೇಲಿನ ಬೈಂಡಿಂಗ್ ಖರ್ಚು ಎಲ್ಲ ಸೇರಿಸಿದರೆ ಅಗ್ಗ ಎಂಬ ಲೆಕ್ಕ ಎಷ್ಟೋ ಸಲ ಕರಗಿಹೋಗುತ್ತದೆ. ಅದೃಷ್ಟದ ಮಾತು ಇನ್ನೂ ದುರ್ಬಲ. ಒಂದೇ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತ ಇಬ್ಬರಲ್ಲಿ ಒಬ್ಬರು ಬರಿಗೈಲಿ ಏಳುತ್ತಾರೆ, ಇನ್ನೊಬ್ಬರು ನಾಲ್ಕು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಏಳುತ್ತಾರೆ. ರಾಶಿಯಲ್ಲಿ ವ್ಯತ್ಯಾಸವಿಲ್ಲ, ನೋಡುವ ಕಣ್ಣಿನಲ್ಲಿದೆ. ಆ ಕಣ್ಣು ಹುಟ್ಟಿನಿಂದ ಬಂದದ್ದಲ್ಲ, ರೂಢಿಯಿಂದ ಬೆಳೆಯುವಂಥದ್ದು. ಈ ಹುಡುಕಾಟದ ಸಂತೋಷವೂ ಅದರ ಜೊತೆಗೇ ಬೆಳೆಯುತ್ತದೆ ಎಂಬುದು ನನ್ನ ವಾದ. ಹಾಗಾಗಿ ಎಲ್ಲಿ ಏನು ಸಿಗುತ್ತದೆ ಎಂದು ಪಟ್ಟಿ ಕೊಡುವುದಕ್ಕಿಂತ, ಸಿಕ್ಕಿದ್ದನ್ನು ಗುರುತಿಸುವುದು ಹೇಗೆ ಎಂದು ಹೇಳುವುದೇ ಹೆಚ್ಚು ಉಪಯೋಗ.

ಮೊದಲು ಪುಸ್ತಕ ಬೀದಿಗೆ ಬರುವ ದಾರಿ ಗೊತ್ತಿರಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯನ್ನೇ ತೆಗೆದುಕೊಳ್ಳಿ. ಮೈಸೂರು ಬ್ಯಾಂಕ್ ವೃತ್ತದಿಂದ ಕೆ.ಆರ್. ಮಾರುಕಟ್ಟೆಯ ಕಡೆಗೆ ಇಳಿಯುವ, ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಈ ರಸ್ತೆಯ ಬದಿಯ ವ್ಯಾಪಾರ ಮುಖ್ಯವಾಗಿ ನಿಂತಿರುವುದು ಪಠ್ಯಪುಸ್ತಕ, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಮೇಲೆ. ಕಥೆ, ಕಾದಂಬರಿ, ವಿಚಾರ ಸಾಹಿತ್ಯ ಅವುಗಳ ಬೆನ್ನಿಗೆ ಬರುತ್ತವೆ. ಮನೆ ಬದಲಾಯಿಸುವವರು, ಮಕ್ಕಳು ವಿದೇಶಕ್ಕೆ ಹೋದ ಮೇಲೆ ಫ್ಲ್ಯಾಟಿಗೆ ಇಳಿಯುವ ಹಿರಿಯರು, ಮೇಷ್ಟ್ರೊಬ್ಬರು ತೀರಿಕೊಂಡ ಮೇಲೆ ಬೀರು ಖಾಲಿ ಮಾಡುವ ಬಂಧುಗಳು, ಎಲ್ಲರೂ ಪುಸ್ತಕಗಳನ್ನು ತೂಕಕ್ಕೆ ಹಾಕುತ್ತಾರೆ. ಅದು ಮೊದಲು ಗುಜರಿಗೆ ಅಥವಾ ಹಳೇ ಪೇಪರ್ ಅಂಗಡಿಗೆ ಹೋಗುತ್ತದೆ. ಅಲ್ಲಿ ಪುಸ್ತಕ ವ್ಯಾಪಾರಿ ಬಂದು ಮಾರಾಟವಾಗುವಂಥದ್ದನ್ನು ಆರಿಸಿ ಒಯ್ಯುತ್ತಾನೆ, ಉಳಿದದ್ದು ಕಾಗದದ ಗಿರಣಿಯ ಪಾಲು. ಬೀದಿಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಹೀಗೆ ಸೋಸಿ ಉಳಿದದ್ದು ಮಾತ್ರ. ಇದರಿಂದ ಹುಡುಕುವವರಿಗೆ ಒಂದು ಮುಖ್ಯ ಸೂಚನೆ ಸಿಗುತ್ತದೆ: ಪುಸ್ತಕ ಒಂಟಿಯಾಗಿ ಬರುವುದು ಕಡಿಮೆ, ಮನೆಯ ಲಾಟ್ ಆಗಿ ಬರುತ್ತದೆ. ಒಂದು ಒಳ್ಳೆಯ ವಿಮರ್ಶಾ ಗ್ರಂಥ ಕಂಡಿತೆಂದರೆ ಅದನ್ನು ಎತ್ತಿಕೊಂಡು ಮುಂದೆ ಹೋಗಬಾರದು. ಮೊದಲ ಹಾಳೆಯಲ್ಲಿ ಬರೆದ ಹೆಸರು ನೋಡಿಕೊಂಡು, ಅದೇ ಕೈಬರಹ, ಅದೇ ಕಂದು ಹೊದಿಕೆ, ಅದೇ ನೀಲಿ ಶಾಯಿ ಸುತ್ತಮುತ್ತಲಿನ ಕಟ್ಟುಗಳಲ್ಲಿ ಎಲ್ಲಿದೆ ಎಂದು ಹುಡುಕಬೇಕು. ಒಬ್ಬ ಓದುಗನ ಇಡೀ ಕಪಾಟು ಮೂರು ರಾಶಿಗಳಲ್ಲಿ ಹಂಚಿಹೋಗಿರುವುದು ಸಾಮಾನ್ಯ.

ಹೋಗುವ ಕಾಲವೂ ಲೆಕ್ಕಕ್ಕೆ ಬರುತ್ತದೆ. ಶಾಲೆ ಕಾಲೇಜು ಶುರುವಾಗುವ ದಿನಗಳಲ್ಲಿ ಅವೆನ್ಯೂ ರಸ್ತೆಗೆ ಹೋದರೆ ಪಿಯುಸಿ, ಇಂಜಿನಿಯರಿಂಗ್ ಹುಡುಗರ ಗುಂಪಿನ ನಡುವೆ ಸಾಹಿತ್ಯ ಕೇಳುವವರಿಗೆ ಉತ್ತರ ಕೊಡಲೂ ವ್ಯಾಪಾರಿಗೆ ಪುರುಸೊತ್ತಿರುವುದಿಲ್ಲ, ಜಾಗವೆಲ್ಲ ಪಠ್ಯದ್ದೇ. ಆ ಗಲಾಟೆ ಇಳಿದ ಮೇಲೆ ಒಳಗೆ ಕಟ್ಟಿಟ್ಟ ಉಳಿದ ಪುಸ್ತಕಗಳು ಹೊರಗೆ ಬರುತ್ತವೆ. ಬೇರೆ ಊರುಗಳಲ್ಲಿ ಲೆಕ್ಕ ಬೇರೆ. ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರವೇ ಸಂತೆ, ಏಕೆಂದರೆ ಅಂಗಡಿಗಳು ಬಾಗಿಲು ಹಾಕಿದಾಗ ಅವುಗಳ ಮುಂದಿನ ಜಾಗ ಪುಸ್ತಕ ಹರಡುವವರಿಗೆ ಸಿಗುತ್ತದೆ. ಕೋಲ್ಕತ್ತದ ಕಾಲೇಜ್ ಸ್ಟ್ರೀಟ್ ವಾರದ ಉಳಿದ ದಿನಗಳಲ್ಲಿ ಜೋರು, ಸುತ್ತಲಿನ ವಿದ್ಯಾಸಂಸ್ಥೆಗಳೇ ಅದರ ಗಿರಾಕಿ. ಕೆಲಸದ ಮೇಲೆ ಯಾವ ಊರಿಗೆ ಹೋದರೂ ಅಲ್ಲಿನ ಸಂತೆಯ ದಿನ ಯಾವುದು, ಏಕೆ ಎಂದು ಮೊದಲೇ ತಿಳಿದುಕೊಂಡರೆ ಬಸ್ ಚಾರ್ಜು ದಂಡವಾಗುವುದಿಲ್ಲ.

ಇನ್ನು ಕಣ್ಣಿನ ಮಾತು. ಬೀದಿಯಲ್ಲಿ ಪುಸ್ತಕದ ವಯಸ್ಸು ಹೇಳುವುದಕ್ಕೆ ಮೊದಲ ಮುದ್ರಣದ ವರ್ಷ ಅಚ್ಚಾಗಿರಲೇಬೇಕು ಎಂದೇನೂ ಇಲ್ಲ. ಹಳೇ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಸಲ ಅದು ಇರುವುದೇ ಇಲ್ಲ, ಇದ್ದರೂ ಆ ಹಾಳೆ ಹರಿದುಹೋಗಿರುತ್ತದೆ. ಆಗ ಬೆಲೆ ನೋಡಬೇಕು. ರೂಪಾಯಿ, ಆಣೆಗಳಲ್ಲಿ ಬೆಲೆ ಅಚ್ಚಾಗಿದ್ದರೆ ಅದು ದಶಮಾಂಶ ನಾಣ್ಯ ಬರುವ ಮೊದಲಿನದು, ಅಂದರೆ 1957ರ ಏಪ್ರಿಲ್‌ಗೆ ಮುಂಚಿನದು ಎಂದು ಹೆಚ್ಚುಕಡಿಮೆ ಖಚಿತ. ನಯಾ ಪೈಸೆ ಎಂದಿದ್ದರೆ ಆಮೇಲಿನ ಏಳು ವರ್ಷಗಳ ಒಳಗಿನದು, ಏಕೆಂದರೆ 1964ರಲ್ಲಿ ‘ನಯಾ’ ಬಿಟ್ಟು ಬರೀ ಪೈಸೆ ಆಯಿತು. ಬೆಲೆಯ ಮೇಲೆ ಚೀಟಿ ಅಂಟಿಸಿದ್ದರೆ ಬೆಳಕಿಗೆ ಹಿಡಿದು ಕೆಳಗಿನ ಅಂಕೆ ಓದಿ, ದಾಸ್ತಾನು ಎಷ್ಟು ವರ್ಷ ಗೋದಾಮಿನಲ್ಲಿ ಕೊಳೆಯಿತು ಎಂಬುದೂ ತಿಳಿಯುತ್ತದೆ. ಆಮೇಲೆ ಪ್ರಕಾಶಕರ ವಿಳಾಸ. ಆರು ಅಂಕಿಯ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ‘ಬೆಂಗಳೂರು-560 004’ ಎಂದಿರುವ ಪುಸ್ತಕ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಬರೀ ‘ಬೆಂಗಳೂರು-4’ ಎಂದಿದ್ದರೆ ಹಳೆಯದಿರಬಹುದು, ಆದರೆ ರೂಢಿ ಬಿಡದೆ ಆಮೇಲೂ ಹಾಗೆ ಬರೆದವರಿದ್ದಾರೆ, ಹಾಗಾಗಿ ಅದೊಂದೇ ಸಾಕ್ಷಿ ಸಾಲದು. ಮೈಸೂರು ರಾಜ್ಯ ಎಂಬ ಹೆಸರಿದ್ದರೆ 1973ರ ನವೆಂಬರ್‌ಗೆ ಹಿಂದೆ. ಐಎಸ್‌ಬಿಎನ್‌ನಲ್ಲಿ ಹತ್ತು ಅಂಕಿ ಮಾತ್ರ ಇದ್ದರೆ ಅದು ಹದಿಮೂರು ಅಂಕಿಯ ಪದ್ಧತಿ ಬಂದ 2007ಕ್ಕಿಂತ ಮುಂಚಿನದು. ಕೊನೆಗೆ ಬೆರಳು. ಹಾಳೆಯ ಹಿಂಬದಿಯನ್ನು ಮೆಲ್ಲಗೆ ಸವರಿದರೆ ಮೊಳೆ ಜೋಡಿಸಿ ಅಚ್ಚು ಹಾಕಿದ ಪುಸ್ತಕದಲ್ಲಿ ಅಕ್ಷರ ಒತ್ತಿದ ಉಬ್ಬು ಬೆರಳಿಗೆ ಹತ್ತುತ್ತದೆ, ಒತ್ತಕ್ಷರಗಳು ಅಲ್ಲಲ್ಲಿ ಸಾಲು ಬಿಟ್ಟು ಜಾರಿರುತ್ತವೆ. ಆಫ್‌ಸೆಟ್‌ನಲ್ಲಿ ಹಾಳೆ ನುಣುಪು. ಇಷ್ಟನ್ನು ಒಟ್ಟಿಗೆ ಓದಲು ಕಲಿತವರಿಗೆ, ರಟ್ಟು ಕಿತ್ತುಹೋದ, ಹೆಸರಿನ ಪುಟವೂ ಇಲ್ಲದ ಒಂದು ಪುಸ್ತಕ ಯಾವ ದಶಕದ್ದು ಎಂದು ಹೇಳಲು ಒಂದು ನಿಮಿಷ ಸಾಕು. ಈ ಒಂದು ನಿಮಿಷದಲ್ಲಿ ಸಿಗುವ ಖುಷಿಯನ್ನು ಬೆಲೆಯ ಚೀಟಿ ಕೊಡಲಾರದು.

ವಯಸ್ಸು ತಿಳಿದರೆ ಏನು ಬಂತು ಎಂದು ಕೇಳಬಹುದು. ಓದುವವರಿಗೆ ಮುದ್ರಣ ಮುಖ್ಯವಾಗುವುದು ಎರಡು ಕಾರಣಕ್ಕೆ. ಮೊದಲನೆಯದು, ಲೇಖಕರು ಬದುಕಿದ್ದಾಗ ತಿದ್ದಿದ ಪಠ್ಯ, ಬರೆದ ಅರಿಕೆ, ಹಾಕಿಸಿದ ರೇಖಾಚಿತ್ರಗಳು ನಂತರದ ಮರುಮುದ್ರಣಗಳಲ್ಲಿ ಬಿಟ್ಟುಹೋಗಿರುವುದುಂಟು. ಎರಡನೆಯದು ಇನ್ನೂ ದೊಡ್ಡದು: ಕನ್ನಡದಲ್ಲಿ ಗಂಭೀರ ಪುಸ್ತಕವೊಂದು ಸಾಮಾನ್ಯವಾಗಿ ಸಾವಿರದ ಆಸುಪಾಸಿನಲ್ಲಿ ಅಚ್ಚಾಗುತ್ತದೆ, ಅದರಲ್ಲೂ ಒಂದು ಪಾಲು ಗ್ರಂಥಾಲಯಗಳ ಸಗಟು ಖರೀದಿಗೆ ಹೋಗುತ್ತದೆ. ಮರುಮುದ್ರಣ ಕಾಣದ ಪುಸ್ತಕಕ್ಕೆ ಉಳಿದ ದಾರಿ ಈ ಬೀದಿಯೊಂದೇ. ಆದ್ದರಿಂದ ಎಲ್ಲರಿಗೂ ಗೊತ್ತಿರುವ ಹೆಸರಿಗಿಂತ ಯಾರೂ ಕೇಳದ ಸರಕಿನ ಮೇಲೆ ಕಣ್ಣಿಡುವುದು ಜಾಣತನ. ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ ಜನಸಾಮಾನ್ಯರಿಗೆಂದು ತಂದ ತೆಳ್ಳಗಿನ ಉಪನ್ಯಾಸ ಪುಸ್ತಿಕೆಗಳು, ಧಾರವಾಡದಲ್ಲಿ 1933ರಿಂದ ನಡೆದುಬಂದ ಮನೋಹರ ಗ್ರಂಥಮಾಲೆಯ ಹಳೇ ಪ್ರತಿಗಳು, ಮಾಸ್ಕೋದಲ್ಲಿ ಅಚ್ಚಾಗಿ ಬಂದ ಕನ್ನಡ ಅನುವಾದಗಳು, ಹುಬ್ಬಳ್ಳಿಯ ‘ಕಸ್ತೂರಿ’ಯ ಸಂಚಿಕೆಗಳು. ‘ಕಸ್ತೂರಿ’ಯ ಕೊನೆಗೆ ಬರುವ ಪುಸ್ತಕ ವಿಭಾಗವನ್ನು ಮರೆಯದೆ ನೋಡಿ, ಇಡೀ ಒಂದು ಪುಸ್ತಕದ ಸಂಗ್ರಹ ಅಲ್ಲಿರುತ್ತದೆ.

ನನ್ನ ಕೇಳಿದರೆ ಈ ರಾಶಿಗಳಲ್ಲಿ ಅತ್ಯಂತ ಬೆಲೆಬಾಳುವುದು ಯಾವ ಪ್ರಕಾಶಕರೂ ಪ್ರಕಟಿಸದ ಪುಸ್ತಕ. ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯ ಪುಟಗಳನ್ನು ವಾರ ವಾರ ಕತ್ತರಿಸಿ, ಕೊನೆಯ ಕಂತು ಬಂದ ಮೇಲೆ ದಬ್ಬಳದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯ ಹೊದಿಕೆ ಹಾಕಿ ಇಟ್ಟುಕೊಳ್ಳುವ ಪದ್ಧತಿ ಕನ್ನಡದ ಮನೆಗಳಲ್ಲಿ, ಅದರಲ್ಲೂ ಹೆಂಗಸರಲ್ಲಿ, ವ್ಯಾಪಕವಾಗಿತ್ತು. ಅಂಥ ಒಂದು ಕಟ್ಟನ್ನು ಬಿಡಿಸಿದರೆ ಕಥೆಯ ಬೆನ್ನಿಗೆ ಆ ವಾರದ ಸೋಪಿನ ಜಾಹೀರಾತು, ಅಡುಗೆ ಅಂಕಣದ ಅರ್ಧ, ಕಲಾವಿದರು ಕಂತಿಗೊಂದರಂತೆ ಬರೆದ ಚಿತ್ರ ಎಲ್ಲ ಸಿಗುತ್ತವೆ. ಪುಸ್ತಕವಾಗಿ ಅಚ್ಚಾದಾಗ ಆ ಚಿತ್ರಗಳು ಸಾಮಾನ್ಯವಾಗಿ ಇರುವುದಿಲ್ಲ. ಓದುಗರೊಬ್ಬರು ಕಂತಿನ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಸಿಟ್ಟೋ ಮೆಚ್ಚುಗೆಯೋ ಇದ್ದರೆ ಅದಕ್ಕೆ ಬೆಲೆ ಕಟ್ಟುವವರಾರು? ವ್ಯಾಪಾರಿ ಮಾತ್ರ ಇದನ್ನು ರದ್ದಿ ಎಂದೇ ಎಣಿಸಿ ಮೂಲೆಗೆ ತಳ್ಳಿರುತ್ತಾನೆ. ಕೇಳಿದರೆ ‘ಅದ್ಯಾಕೆ ಸಾರ್’ ಎಂದು ನಗುತ್ತಾನೆ, ಆದರೂ ಕೊಡುತ್ತಾನೆ.

ಕೊಳ್ಳುವ ಮೊದಲು ಪರೀಕ್ಷೆ ಕಟ್ಟುನಿಟ್ಟಾಗಿರಲಿ. ಪುಟಸಂಖ್ಯೆ ತಿರುವಿಹಾಕಿದರೆ ಸಾಲದು, ಫಾರಂ ನೋಡಬೇಕು. ಪುಸ್ತಕ ಅಚ್ಚಾಗುವುದು ಎಂಟೋ ಹದಿನಾರೋ ಪುಟಗಳ ಫಾರಂಗಳಲ್ಲಿ, ಹಳೇ ಪುಸ್ತಕಗಳಲ್ಲಿ ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ ಸಣ್ಣ ಅಂಕೆ ಇರುತ್ತದೆ. ಬೈಂಡರ್ ಒಂದು ಫಾರಂ ಎರಡು ಸಲ ಹೊಲಿದು ಇನ್ನೊಂದನ್ನು ಬಿಟ್ಟಿರುವುದು ನಾವಂದುಕೊಂಡಷ್ಟು ಅಪರೂಪವಲ್ಲ. ಕೊನೆಯ ಫಾರಂ ಕಿತ್ತುಹೋದ ಪತ್ತೇದಾರಿ ಕಾದಂಬರಿ ಕೊಂಡವರ ಪಾಡು ಹೇಳಬೇಕಿಲ್ಲ. ಸಂಪುಟಗಳ ವಿಷಯದಲ್ಲಿ ಎಚ್ಚರ ಬೇಕು. ಶಿವರಾಮ ಕಾರಂತರ ‘ಬಾಲ ಪ್ರಪಂಚ’ ಮೂರು ಸಂಪುಟ, ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು, ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶ ಹದಿನಾಲ್ಕು. ಬೀದಿಯಲ್ಲಿ ಇವು ಬಿಡಿಬಿಡಿಯಾಗಿಯೇ ಕಾಣುತ್ತವೆ. ಬಿಡಿ ಸಂಪುಟವೂ ತನ್ನಷ್ಟಕ್ಕೆ ಉಪಯೋಗಕ್ಕೆ ಬರುವಂತಿದ್ದರೆ ಕೊಳ್ಳಿ, ಉಳಿದದ್ದು ಮುಂದೆ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯಲ್ಲಿ ಕೊಳ್ಳಬೇಡಿ. ಹಾಳೆ ಹಳದಿಯಾಗಿದ್ದರೆ ಹೆದರಬೇಕಿಲ್ಲ, ಅಗ್ಗದ ಕಾಗದದಲ್ಲಿ ಉಳಿದ ಮರದ ಅಂಶ ಗಾಳಿ ಬೆಳಕಿಗೆ ಬಣ್ಣ ತಿರುಗುತ್ತದೆ, ಅಷ್ಟೇ. ಹಾಳೆಯ ಮೂಲೆ ಮಡಿಸಿದರೆ ಪುಡಿಯಾಗಿ ಉದುರಿದರೆ ಮಾತ್ರ ಅದು ಇನ್ನೊಂದು ಓದನ್ನೂ ತಾಳದು. ಬೂಷ್ಟಿನ ಹಸಿ ವಾಸನೆ, ಬೆನ್ನು ಕುಟ್ಟಿದಾಗ ಉದುರುವ ಮರಳಿನಂಥ ಪುಡಿ, ಗೆದ್ದಲು ಮೆತ್ತಿದ ಮಣ್ಣು, ಈ ಮೂರರಲ್ಲಿ ಒಂದು ಕಂಡರೂ ಎಷ್ಟೇ ಆಸೆಯಿದ್ದರೂ ಬಿಟ್ಟುಬಿಡಿ. ಒಂದು ಪುಸ್ತಕದ ಆಸೆಗೆ ಇಡೀ ಕಪಾಟು ಬಲಿಯಾದೀತು.

ಚೌಕಾಸಿಯ ಬಗ್ಗೆ ಜನ ಅತಿಯಾಗಿ ಹೇಳುತ್ತಾರೆ. ಪಠ್ಯಪುಸ್ತಕದ ಬೆಲೆ ವ್ಯಾಪಾರಿಗೆ ಕಂಠಪಾಠ, ಅಲ್ಲಿ ಹೆಚ್ಚು ಜಗ್ಗುವುದಿಲ್ಲ. ಹಳೇ ಸಾಹಿತ್ಯಕ್ಕೆ ಬೆಲೆ ಬೀಳುವುದು ಹೆಚ್ಚಾಗಿ ಗಾತ್ರ ನೋಡಿ, ಇತ್ತೀಚೆಗೆ ಮೊಬೈಲ್ ನೋಡಿ. ಒಂದೊಂದಕ್ಕೆ ಬೆಲೆ ಕೇಳುವ ಬದಲು ಬೇಕಾದ್ದೆಲ್ಲ ಒಟ್ಟು ಮಾಡಿ ಕಟ್ಟಿಗೆ ಬೆಲೆ ಮಾತಾಡಿದರೆ ಇಬ್ಬರಿಗೂ ಅನುಕೂಲ. ಬೋಣಿಯ ಹೊತ್ತಿನಲ್ಲಿ ಅವರು ಸ್ವಲ್ಪ ಸಡಿಲ. ಹತ್ತು ರೂಪಾಯಿಗಾಗಿ ಕಾಲು ಗಂಟೆ ಎಳೆದಾಡಿ ಗೆಲ್ಲುವುದಕ್ಕಿಂತ, ‘ಅಣ್ಣಾ, ಈ ಥರದ್ದು ಬಂದರೆ ತೆಗೆದಿಡಿ’ ಎಂದು ನಂಬರು ಕೊಟ್ಟು ಬಂದು ಮುಂದಿನ ಸಲ ನಿಜವಾಗಿಯೂ ಹೋಗಿ ಕೊಂಡರೆ ಹೆಚ್ಚು ಲಾಭ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಬ್ಲಾಸಮ್ ಪುಸ್ತಕದಂಗಡಿ ಕಟ್ಟಿದ ಮಾಯಿಗೌಡರು ಶುರು ಮಾಡಿದ್ದು ಫುಟ್‌ಪಾತಿನಲ್ಲೇ. ಯಾವ ಗಿರಾಕಿ ಏನು ಓದುತ್ತಾನೆ ಎಂಬ ನೆನಪೇ ಈ ವ್ಯಾಪಾರದ ಬಂಡವಾಳ.

ಇಷ್ಟು ತಾಪತ್ರಯ ಏಕೆ, ಮೊಬೈಲಿನಲ್ಲಿ ಹೆಸರು ಒತ್ತಿದರೆ ಮನೆಬಾಗಿಲಿಗೆ ಬರುತ್ತದಲ್ಲ ಎನ್ನುವುದು ಮೊದಲ ಆಕ್ಷೇಪ. ಬೇಕಾದ ಪುಸ್ತಕದ ಹೆಸರು ಗೊತ್ತಿದ್ದರೆ ಅದೇ ಸರಿ, ಬಿಸಿಲಲ್ಲಿ ಅಲೆಯಬೇಕಿಲ್ಲ. ಆದರೆ ಹುಡುಕು ಪೆಟ್ಟಿಗೆಗೆ ಹೆಸರು ಕೊಡಬೇಕು, ಹೆಸರೇ ಕೇಳಿರದ ಪುಸ್ತಕವನ್ನು ಅದು ಹೇಗೆ ತೋರಿಸೀತು? ಕನ್ನಡಕ್ಕೆ ಇನ್ನೊಂದು ತೊಡಕಿದೆ. ಭೈರಪ್ಪ, ಕಾರಂತ ಎಂಬ ಹೆಸರುಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ, ಮಾರಾಟಗಾರರು ಒಂದು ಬಗೆ ಹಾಕಿದರೆ ನಾವು ಇನ್ನೊಂದು ಬಗೆ ಒತ್ತುತ್ತೇವೆ. ಐಎಸ್‌ಬಿಎನ್ ಇಲ್ಲದ ಐವತ್ತು ಅರವತ್ತರ ದಶಕದ ಪುಸ್ತಕಗಳು ಆ ಜಾಲಕ್ಕೆ ಸಿಕ್ಕುವುದೇ ಕಷ್ಟ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಿವೆ, ಸಂಶೋಧಕರಿಗೆ ಅದು ದೊಡ್ಡ ಉಪಕಾರ. ಹಾಗಂತ ಬೀದಿ ಬೇಡವಾಗುವುದಿಲ್ಲ. ಬೀದಿಯಲ್ಲಿ ನೋಡಿ ಹೆಸರು ತಿಳಿದುಕೊಂಡದ್ದನ್ನು ಅಲ್ಲಿ ಹುಡುಕಬಹುದು, ಅಲ್ಲಿ ವಾಲಿದ ಪುಟಗಳಲ್ಲಿ ಓದಿ ಮೆಚ್ಚಿದ್ದನ್ನು ಬೀದಿಯಲ್ಲಿ ಹುಡುಕಬಹುದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಹಳೇ ಪುಸ್ತಕ ಕೊಂಡರೆ ಲೇಖಕರಿಗೆ ಒಂದು ಪೈಸೆ ಗೌರವಧನವೂ ಹೋಗುವುದಿಲ್ಲ. ನಿಜ, ಹೋಗುವುದಿಲ್ಲ. ಕಾನೂನು ಇದನ್ನು ತಪ್ಪೆನ್ನುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 14ನೇ ಕಲಮು ಪ್ರತಿಗಳನ್ನು ಜನರಿಗೆ ಬಿಡುಗಡೆ ಮಾಡುವ ಹಕ್ಕನ್ನು ಕೃತಿಸ್ವಾಮ್ಯದಾರರಿಗೆ ಕೊಡುವಾಗ, ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಹೊರಗಿಟ್ಟಿದೆ. ಒಮ್ಮೆ ಮಾರಿದ ಪ್ರತಿಯ ಗೌರವಧನ ಸಂದಾಯವಾಗಿದೆ ಎಂಬ ತರ್ಕ ಅದರ ಹಿಂದಿದೆ. ಆದರೂ ಕಾನೂನು ಒಪ್ಪಿದ್ದೆಲ್ಲ ನ್ಯಾಯ ಎಂದು ವಾದಿಸುವುದು ಜಾಣತನವಾದೀತು. ಬದುಕಿರುವ ಲೇಖಕರ, ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ಹೊಸದಾಗಿಯೇ ಕೊಳ್ಳುವುದು, ಅಚ್ಚಿನಲ್ಲಿಲ್ಲದ್ದನ್ನು ಬೀದಿಯಲ್ಲಿ ಹುಡುಕುವುದು, ಇದು ನನಗೆ ಸರಿಯೆನಿಸುವ ನಿಯಮ. ಹಣವಿಲ್ಲದ ವಿದ್ಯಾರ್ಥಿಗೆ ಈ ನಿಯಮ ಹೇರಲು ಹೋಗಬಾರದು. ಆದರೆ ನಕಲಿ ಪ್ರತಿಗಳ ವಿಷಯದಲ್ಲಿ ಯಾರಿಗೂ ವಿನಾಯಿತಿ ಬೇಡ. ಪ್ಲಾಸ್ಟಿಕ್ ಹೊದಿಕೆಯಲ್ಲಿ ಥಳಥಳಿಸುವ, ಎಲ್ಲರೂ ಮಾತಾಡುತ್ತಿರುವ ಪುಸ್ತಕ ಅರ್ಧಕ್ಕಿಂತ ಕಡಿಮೆ ಬೆಲೆಗೆ ಬೀದಿಯಲ್ಲಿದ್ದರೆ ಅದು ಹಳೆಯದಲ್ಲ, ಕದ್ದು ಅಚ್ಚು ಹಾಕಿದ್ದು. ಮುಖಪುಟದ ಚಿತ್ರ ಮಸುಕು, ಅಕ್ಷರಗಳ ಅಂಚು ಒಡೆದಿರುವುದು, ಸಾಲುಗಳು ವಾಲಿರುವುದು, ಅಂಟು ಎರಡನೇ ಓದಿಗೇ ಬಿಡುವುದು, ಇವೇ ಅದರ ಗುರುತು. ಗ್ರಂಥಾಲಯದ ಮುದ್ರೆಯಿರುವ ಪುಸ್ತಕಕ್ಕೂ ಇದೇ ಎಚ್ಚರ ಬೇಕು. ರದ್ದುಪಡಿಸಿದ ಮುದ್ರೆಯೂ ಜೊತೆಗಿದ್ದರೆ ಸರಿ, ಇಲ್ಲದಿದ್ದರೆ ಅದು ಯಾರೋ ಮರಳಿಸದೆ ಉಳಿಸಿಕೊಂಡದ್ದಿರಬಹುದು. ಹತ್ತಿರದ ಗ್ರಂಥಾಲಯದ್ದಾದರೆ ಕೊಂಡು ವಾಪಸ್ ಕೊಡುವುದೂ ಒಂದು ದಾರಿ.

ಫುಟ್‌ಪಾತ್ ಇರುವುದು ನಡೆಯುವವರಿಗೆ ಎಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಗಾಲಿಕುರ್ಚಿಯವರು, ಮಗು ಎತ್ತಿಕೊಂಡವರು ರಸ್ತೆಗಿಳಿಯಬೇಕಾದರೆ ಪುಸ್ತಕಪ್ರೇಮ ಅದಕ್ಕೆ ಸಮಜಾಯಿಷಿ ಆಗಲಾರದು. ದಿಲ್ಲಿಯ ದರಿಯಾಗಂಜ್‌ನ ಭಾನುವಾರದ ಪುಸ್ತಕ ಸಂತೆ ದಶಕಗಳ ಕಾಲ ನಡೆದು, 2019ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಎದ್ದದ್ದು ಇದೇ ಕಾರಣಕ್ಕೆ. ಆಮೇಲೆ ಹತ್ತಿರದ ಮಹಿಳಾ ಹಾಟ್‌ನಲ್ಲಿ ಅದಕ್ಕೆ ಜಾಗ ಸಿಕ್ಕಿತು. ಎಲ್ಲ ಸಂತೆಗಳಿಗೂ ಆ ಭಾಗ್ಯವಿಲ್ಲ. ಹಳೇ ಪುಸ್ತಕಗಳಿಗೆ ಹೆಸರಾಗಿದ್ದ ಮದರಾಸಿನ ಮೂರ್ ಮಾರ್ಕೆಟ್ 1985ರ ಬೆಂಕಿಯಲ್ಲಿ ಹೋಯಿತು, ಆ ಜಾಗ ರೈಲ್ವೆ ಕಟ್ಟಡಕ್ಕಾಯಿತು. ಪ್ಯಾರಿಸ್ ನಗರ ಸೇನ್ ನದಿಯ ದಂಡೆಯ ಗೋಡೆಗೆ ಹಸಿರು ಪೆಟ್ಟಿಗೆ ಕೂರಿಸಲು ಹಳೇ ಪುಸ್ತಕದವರಿಗೆ ಅನುಮತಿ ಕೊಟ್ಟು, ನಾಲ್ಕು ಪೆಟ್ಟಿಗೆಗಳಲ್ಲಿ ಒಂದರಲ್ಲಿ ಮಾತ್ರ ಪ್ರವಾಸಿ ಸರಕು ಇಡಬಹುದು ಎಂಬ ನಿಯಮ ಹಾಕಿದೆ. 2024ರ ಒಲಿಂಪಿಕ್ಸ್ ಉದ್ಘಾಟನೆಗೆ ಆ ಪೆಟ್ಟಿಗೆಗಳನ್ನು ತೆಗೆಸುವ ಯೋಜನೆಯನ್ನು ವಿರೋಧ ಬಂದಾಗ ಸರ್ಕಾರವೇ ಕೈಬಿಟ್ಟಿತು. ನಮ್ಮಲ್ಲಿ 2014ರ ಬೀದಿ ವ್ಯಾಪಾರಿಗಳ ಕಾಯಿದೆ ಮಾರಾಟ ವಲಯಗಳನ್ನು ಗುರುತಿಸಲು ಪಟ್ಟಣ ಮಾರಾಟ ಸಮಿತಿಗೆ ದಾರಿ ಮಾಡಿಕೊಟ್ಟಿದೆ. ತರಕಾರಿಗೆ ವಲಯ ಕೇಳುವ ಹಾಗೆ ಪುಸ್ತಕಕ್ಕೂ ಕೇಳಬಹುದು. ಒಂದೇ ಷರತ್ತು, ಅದು ಜನ ಓಡಾಡುವ ಜಾಗದಲ್ಲಿರಬೇಕು. ಹುಡುಕಿಕೊಂಡು ಹೋಗುವವರು ಎಲ್ಲಿಗಾದರೂ ಹೋಗುತ್ತಾರೆ, ದಾರಿಯಲ್ಲಿ ಕಂಡು ನಿಲ್ಲುವವರು ತಪ್ಪಿಹೋಗುತ್ತಾರೆ.

ತಂದ ಪುಸ್ತಕವನ್ನು ನೇರ ಕಪಾಟಿಗೆ ಸೇರಿಸಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಹಾಳೆ ಬಿಡಿಸಿಟ್ಟು, ಕೆಲವು ವಾರ ಬೇರೆ ಪೆಟ್ಟಿಗೆಯಲ್ಲಿ ಇಡಿ. ಹುಳುವಿನ ಅನುಮಾನವಿದ್ದರೆ ಒಣಗಿದ ಪುಸ್ತಕವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚದೆ ಬಿಡಬೇಕು, ಇಲ್ಲವಾದರೆ ಹಾಳೆಯ ಮೇಲೆ ನೀರು ಕೂರುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಲೇಬಾರದು, ಕೆಲವು ವರ್ಷದಲ್ಲಿ ಅದರ ಅಂಟು ಕಂದು ಕಲೆಯಾಗಿ ಅಕ್ಷರ ನುಂಗುತ್ತದೆ. ತೆಳು ಕಾಗದ, ಮೈದಾ ಅಂಟು ಸಾಕು. ಒಳಗೆ ಯಾರದೋ ಖಾಸಗಿ ಪತ್ರ ಸಿಕ್ಕರೆ ಫೋಟೊ ತೆಗೆದು ಹಂಚಿಕೊಳ್ಳುವ ಚಪಲ ಬೇಡ, ಬರೆದವರ ಮೊಮ್ಮಕ್ಕಳು ಪಕ್ಕದ ಬೀದಿಯಲ್ಲೇ ಇರಬಹುದು. ಇನ್ನು ಮನೆಯಲ್ಲಿ ಜಾಗವಿಲ್ಲ ಎಂಬ ದೂರು ಮನೆಯವರಿಂದ ಬಂದೇ ಬರುತ್ತದೆ, ಅದರಲ್ಲಿ ನ್ಯಾಯವೂ ಇದೆ. ಓದಿ ಮುಗಿದದ್ದನ್ನು, ಓದುವುದಿಲ್ಲವೆಂದು ಖಾತ್ರಿಯಾದದ್ದನ್ನು ಗುಜರಿಯ ತಕ್ಕಡಿಗೆ ಹಾಕುವ ಮೊದಲು ಪುಸ್ತಕದ ವ್ಯಾಪಾರಿಗೇ ಒಂದು ಮಾತು ಕೇಳಿ. ಎಷ್ಟೋ ಜನ ವಾಪಸ್ ತೆಗೆದುಕೊಂಡು ಬೇರೆ ಪುಸ್ತಕಕ್ಕೆ ಬೆಲೆ ಮುರಿದುಕೊಳ್ಳುತ್ತಾರೆ. ಕೊಡುವಾಗ ಒಳಗೆ ಮರೆತ ಬ್ಯಾಂಕ್ ಚೀಟಿ, ಫೋನ್ ನಂಬರು ತೆಗೆದುಬಿಡಿ. ಮೊದಲ ಹಾಳೆಯ ಹೆಸರು ಮಾತ್ರ ಹಾಗೇ ಇರಲಿ, ನಿಮ್ಮ ಉಳಿದ ಪುಸ್ತಕಗಳನ್ನು ಆ ರಾಶಿಯಲ್ಲಿ ಪತ್ತೆ ಹಚ್ಚಲು ಮುಂದಿನವರಿಗೆ ಅದು ಬೇಕಾಗುತ್ತದೆ.